ನಾನೇ ಮಾರುತ್ತಿದ್ದ ಡಬ್ಬ

ಹಾಸನದಲ್ಲಿ 19 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಕೌಂಟರಿನ ಬಲಕ್ಕೆ, ಗ್ಲೂಕೋಸ್ ಪೊಟ್ಟಣಗಳ ಮೇಲಿನ ಹಲಗೆಯಲ್ಲಿ, ಮೈ ಬೆಳೆಸುವ ಪ್ರೋಟೀನ್ ಪುಡಿಯ ಕರಿ ಬಣ್ಣದ ದೊಡ್ಡ ಡಬ್ಬಗಳ ಸಾಲೊಂದು ಇರುತ್ತಿತ್ತು. ಡಬ್ಬದ ಮೇಲೆ ಎದೆಯುಬ್ಬಿಸಿ ನಿಂತ ಗಂಡಸು. ಕತ್ತಿನಿಂದ ಮೇಲಕ್ಕೆ ಚಿತ್ರವೇ ಇಲ್ಲ. ತಿಂಗಳಿಗೆ ಏಳೆಂಟು ಹೋಗುತ್ತಿದ್ದವು. ಕೊಳ್ಳುವವರಲ್ಲಿ ಅರ್ಧಕ್ಕರ್ಧ ಕಾಲೇಜು ಬ್ಯಾಗು ಬೆನ್ನಿಗೇರಿಸಿದ ಹುಡುಗರು. ಆ್ಯಂಟಿಬಯಾಟಿಕ್‌ಗೆ ಡಾಕ್ಟರ ಚೀಟಿ ಎಲ್ಲಿ ಅಂತ ಕೇಳುವ ನಾನು, ಈ ಡಬ್ಬವನ್ನು ಬಿಸ್ಕತ್ ಕೊಟ್ಟ ಹಾಗೆ ಕೊಟ್ಟು ದುಡ್ಡು ಎಣಿಸಿಕೊಳ್ಳುತ್ತಿದ್ದೆ. ಕಾನೂನಿನ ಲೆಕ್ಕದಲ್ಲಿ ಅದು ಔಷಧಿಯಲ್ಲ, ಆಹಾರ. ಅಷ್ಟು ಸಮಾಧಾನ ಸಾಕಾಗಿತ್ತು ನನಗೆ.

2025ರ ಜೂನ್ ಕೊನೆಯಲ್ಲಿ ನನ್ನ ಮಗನೇ ಕೇಳಿದ. ಸೆಕೆಂಡ್ ಪಿಯು, 17 ವರ್ಷ, 58 ಕೆಜಿ. ಜಿಮ್ಮಿಗೆ ಸೇರಿ ಮೂರು ತಿಂಗಳಾಗಿತ್ತು.

“ಅಪ್ಪ, ಹೆಂಗೂ ಅಂಗಡೀಲಿ ಇದೆಯಲ್ಲ, ಒಂದು ಡಬ್ಬ ತಂದ್ಕೊಡು. ನಿಂಗೆ ಹೋಲ್‌ಸೇಲ್ ರೇಟು ಬೇರೆ.”

ಅಡುಗೆಮನೆಯಿಂದ ಅವನ ಅಮ್ಮ ಲಟ್ಟಣಿಗೆ ಹಿಡಿದೇ ಬಂದಳು. ಕೇಳಿದ ಹೊತ್ತೂ ಹಾಗಿತ್ತು. ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಹೋದರು ಅಂತ ದಿನ ಬೆಳಗಾದರೆ ಟೀವಿಯಲ್ಲಿ ಸುದ್ದಿ. ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತಿದ್ದರು. ಆಮೇಲೆ ತಜ್ಞರ ಸಮಿತಿ ಪರಿಶೀಲಿಸಿ, ಸಾವುಗಳಲ್ಲಿ ಅಸಹಜ ಏರಿಕೆಯೇನೂ ಕಂಡಿಲ್ಲ ಅಂದಿತು. ಆದರೆ ಹೆತ್ತವಳ ಭಯ ಸಮಿತಿಯ ವರದಿ ಓದಿ ಇಳಿಯುವಂಥದ್ದಲ್ಲ. ಇವಳಿಗಂತೂ ಜಿಮ್ ಅಂದರೆ 2021ರ ಅಕ್ಟೋಬರ್ 29ರಿಂದಲೇ ಆಗದು. ಅಪ್ಪು ಹೋದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ.

“ಜಿಮ್ಮೇ ಬೇಡ ಅಂತಿದ್ರೆ ಇವನಿಗೆ ಪೌಡರ್ ಬೇರೆ ಬೇಕಂತೆ. ನೀವೇನ್ರೀ ಸುಮ್ನೆ ಕೂತಿದ್ದೀರಾ?”

ನಾನು “ಅದೆಲ್ಲಾ ಕೆಮಿಕಲ್ ಕಣೋ, ಕಿಡ್ನಿ ಹೋಗುತ್ತೆ” ಅಂದೆ. ಅಪ್ಪಂದಿರು ಹೇಳುವ ಮಾತು ತಾನೇ. ಅವನು ನನ್ನ ಮುಖವನ್ನೇ ನೋಡಿದ. “ಮತ್ತೆ ಬೇರೆಯವರ ಮಕ್ಕಳಿಗೆ ಯಾಕೆ ಮಾರ್ತೀಯ?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎದ್ದು ಅಂಗಡಿಗೆ ಹೋದೆ.

ಹೆಂಡತಿಯ ಸಮಾಧಾನಕ್ಕೆ ಅಂತ ಮೊದಲು ಮಾಡಿದ್ದು ಮಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದು. ಬಿಪಿ, ಇಸಿಜಿ ಚೆನ್ನಾಗಿದ್ದವು. ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಮಾತ್ರ 1.3, ಪಕ್ಕದಲ್ಲಿ ದಪ್ಪಕ್ಷರದ ಗುರುತು. ಅವನ ವಯಸ್ಸಿಗೆ ಒಂದರ ಒಳಗಿರಬೇಕಾದದ್ದು. ದಿನವೂ ಡಯಾಲಿಸಿಸ್ ರೋಗಿಗಳ ಚೀಟಿ ನೋಡುವ ನನಗೆ ಕೈಕಾಲು ತಣ್ಣಗಾಯಿತು. ಡಾಕ್ಟರು ಗಾಬರಿಯಾಗಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ ಅವನನ್ನೇ ಕೇಳಿದರು: “ಏನು ಪುಡಿ ತಗೋತಿದ್ದೀಯಪ್ಪ?”

ಆಗ ಬಾಯಿಬಿಟ್ಟ. ಜಿಮ್ಮಿನ ಗೆಳೆಯನೊಬ್ಬ, ಭಾರ ಎತ್ತುವವರು ಕಸುವಿಗೆ ಅಂತ ತಿನ್ನುವ ಕ್ರಿಯಾಟಿನ್ ಪುಡಿಯನ್ನು ಪ್ಲಾಸ್ಟಿಕ್ ಕವರಿಗೆ ಸುರಿದು ಕೊಟ್ಟಿದ್ದನಂತೆ. ಹದಿನೈದು ದಿನದಿಂದ ನೀರಿಗೆ ಒಂದು ಚಮಚ ಕಲಸಿ ಕುಡಿಯುತ್ತಿದ್ದ. ಹೆಸರಿಲ್ಲ, ಬ್ಯಾಚ್ ನಂಬರಿಲ್ಲ, ಚಮಚ ನಮ್ಮ ಮನೆಯ ಉಪ್ಪಿನಕಾಯಿದು.

ಡಾಕ್ಟರು ಬಿಡಿಸಿ ಹೇಳಿದರು. ಕ್ರಿಯಾಟಿನ್ ಮೈಯಲ್ಲಿ ಒಡೆದಾಗ ಬರುವುದೇ ಕ್ರಿಯಾಟಿನಿನ್. ಹಾಗಾಗಿ ಪುಡಿ ತಿನ್ನುವವರಲ್ಲಿ, ಹಿಂದಿನ ದಿನ ಮೈಮುರಿಯುವಂತೆ ವ್ಯಾಯಾಮ ಮಾಡಿದವರಲ್ಲಿ ಕಿಡ್ನಿ ನೆಟ್ಟಗಿದ್ದರೂ ಈ ಅಂಕಿ ಏರಬಹುದು. ಪುಡಿ ನಿಲ್ಲಿಸಿ ತಿಂಗಳು ಬಿಟ್ಟು ಬನ್ನಿ ಅಂದರು. ಮತ್ತೆ ಮಾಡಿಸಿದಾಗ 0.9. ಆ ಒಂದು ತಿಂಗಳು ನಾನೂ ಅವಳೂ ಹೇಗೆ ಕಳೆದೆವು ಅನ್ನುವುದು ಬೇಡ. ಆದರೆ ಒಂದು ಮಾತ್ರ ಖಾತ್ರಿಯಾಯಿತು. ನಾವು ಬೇಡ ಅಂದ ಮಾತ್ರಕ್ಕೆ ಅವನು ಬಿಡುತ್ತಿರಲಿಲ್ಲ, ಉಪ್ಪಿನಕಾಯಿ ಚಮಚ ತೊಳೆದಿಡುವುದನ್ನು ಕಲಿಯುತ್ತಿದ್ದ ಅಷ್ಟೇ.

ಆ ಭಾನುವಾರ ಅಂಗಡಿಯಿಂದ ಮೂರು ಡಬ್ಬ ತಂದು ಊಟದ ಮೇಜಿನ ಮೇಲಿಟ್ಟೆ. ಕೊಡುವುದಕ್ಕಲ್ಲ, ಓದುವುದಕ್ಕೆ. ಮಾರಿದ್ದೆನೇ ಹೊರತು ಒಂದು ಡಬ್ಬದ ಬೆನ್ನನ್ನೂ ನಾನು ಪೂರ್ತಿ ಓದಿರಲಿಲ್ಲ.

ಮೊದಲನೆಯದು ಮಾಸ್ ಗೇನರ್, ಅಂದರೆ ತೂಕ ಏರಿಸುವ ಪುಡಿ, 3 ಕೆಜಿ. ನಮ್ಮಲ್ಲಿ ಹೆಚ್ಚು ಹೋಗುತ್ತಿದ್ದದ್ದೇ ಇದು, ಸಣಕಲು ಹುಡುಗರ ದೇವರು. 100 ಗ್ರಾಂ ಪುಡಿಯಲ್ಲಿ ಪ್ರೋಟೀನ್ 15 ಗ್ರಾಂ, ಕಾರ್ಬೋಹೈಡ್ರೇಟ್ 76. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಪಿಷ್ಟದಿಂದ ಮಾಡುವ ಮಾಲ್ಟೋಡೆಕ್ಸ್‌ಟ್ರಿನ್. ಪಟ್ಟಿಯಲ್ಲಿ ಯಾವುದು ಮೊದಲಿದೆಯೋ ಅದೇ ಒಳಗೆ ಹೆಚ್ಚಿರುವುದು. ಅಂದರೆ ಕೆಳಗಿನ ಹಲಗೆಯಲ್ಲಿದ್ದ ಗ್ಲೂಕೋಸ್ ಪೊಟ್ಟಣದ ದಾಯಾದಿಯನ್ನೇ ನಾನು ಮೇಲಿನ ಹಲಗೆಯಲ್ಲಿಟ್ಟು ಹೆಚ್ಚು ರೇಟಿಗೆ ಮಾರುತ್ತಿದ್ದೆ. “ಇದು ಹುರಿಗಡಲೆಗಿಂತ ಕಡೆ ಕಣೋ” ಅಂದೆ. ನೂರು ಗ್ರಾಂ ಹುರಿಗಡಲೆಯಲ್ಲಿ ಇಪ್ಪತ್ತಕ್ಕೂ ಮೇಲೆ ಪ್ರೋಟೀನ್ ಇದೆ. ಮಗ ಮೊಬೈಲಿನಲ್ಲಿ ಹುಡುಕಿ ನೋಡಿ ಸುಮ್ಮನಾದ.

ಎರಡನೆಯದು ಪ್ರಿ-ವರ್ಕೌಟ್, ವ್ಯಾಯಾಮಕ್ಕೆ ಮುಂಚೆ ಕಲಸಿ ಕುಡಿಯುವ ಪುಡಿ. ಒಂದು ಸ್ಕೂಪಿಗೆ 200 ಮಿಲಿಗ್ರಾಂ ಕೆಫೀನ್. ಸಕಲೇಶಪುರದ ಕಾಫಿ ಕುಡಿದು ಬೆಳೆದವರು ನಾವು. ಆದರೂ ಎರಡು ದೊಡ್ಡ ಲೋಟ ಗಟ್ಟಿ ಡಿಕಾಕ್ಷನ್ನನ್ನು ಒಂದೇ ಗುಟುಕಿಗೆ ಹೊಟ್ಟೆಗಿಳಿಸಿ ಮೇಲೆ ಭಾರ ಎತ್ತುವುದು ಅಂದರೆ ಎದೆ ಹೊಡೆದುಕೊಳ್ಳದೆ ಇನ್ನೇನಾದೀತು. ಇದರ ಬಗ್ಗೆ ಚರ್ಚೆಯೇ ಬೇಡ ಅಂದೆ. ಅವನೂ ಹಟ ಮಾಡಲಿಲ್ಲ.

ಮೂರನೆಯದು ವೇ ಪ್ರೋಟೀನ್. ಇವಳು ಕೇಳಿದಳು, ಅದೇನು ಮಾಡಿರ್ತಾರೆ ಅಂತ. ಚೀಸ್ ಮಾಡುವಾಗ ಹಾಲು ಒಡೆದು ಉಳಿಯುವ ನೀರನ್ನು ಸೋಸಿ ಒಣಗಿಸಿದ ಪುಡಿ ಅಂದೆ. “ಅಯ್ಯೋ, ಹಾಲೊಡಕಾ? ಪನೀರ್ ಮಾಡಿ ನಾನು ಕರಿಬೇವಿನ ಗಿಡಕ್ಕೆ ಸುರೀತೀನಲ್ಲ, ಅದಾ?” ಹೆಚ್ಚುಕಮ್ಮಿ ಅದೇ. ಆಕೆಯ ಭಯ ಅರ್ಧ ಇಳಿದದ್ದು ಆ ಗಳಿಗೆಯಲ್ಲಿ. ಡಾಕ್ಟರು ಹೇಳಿ ಆಗದ್ದು ಕರಿಬೇವಿನ ಗಿಡದಿಂದ ಆಯಿತು.

ಆದರೆ ಹಾಲೊಡಕು ಒಳ್ಳೆಯದಾದರೆ ಡಬ್ಬವೂ ಒಳ್ಳೆಯದು ಅಂತಲ್ಲ. ಡೇರಿಗೆ ಹಾಲು ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರೋಟೀನನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ, ನೈಟ್ರೋಜನ್ ಎಷ್ಟಿದೆ ನೋಡಿ ಲೆಕ್ಕ ಹಾಕುತ್ತಾರೆ. ಹಾಲಿಗೆ ನೀರು ಬೆರೆಸಿದವನು ಯೂರಿಯಾ ಹಾಕಿ ಗಟ್ಟಿ ತೋರಿಸುವ ಹಾಗೆ, ಪುಡಿಗೆ ಗ್ಲೈಸಿನ್‌ನಂಥ ನೈಟ್ರೋಜನ್ ಇರುವ ಅಗ್ಗದ ಅಮೈನೋ ಆಮ್ಲ ಬೆರೆಸಿದರೆ ಅಂಕಿ ಏರುತ್ತದೆ, ಅಸಲು ಪ್ರೋಟೀನ್ ಏರುವುದಿಲ್ಲ. ಕೇರಳದ ವೈದ್ಯರೊಬ್ಬರ ತಂಡ ನಮ್ಮ ದೇಶದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿಸಿ 2024ರಲ್ಲಿ ಪ್ರಕಟಿಸಿತ್ತು. ನೂರಕ್ಕೆ ಸುಮಾರು 70ರಲ್ಲಿ ಡಬ್ಬದ ಮೇಲಿನ ಪ್ರೋಟೀನ್ ಲೆಕ್ಕಕ್ಕೂ ಒಳಗಿದ್ದದ್ದಕ್ಕೂ ತಾಳೆ ಇರಲಿಲ್ಲ. ಕೆಲವದರಲ್ಲಿ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಕೂಡ ಸಿಕ್ಕಿತ್ತು. ಡಬ್ಬದ ಮೇಲಿರುವ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಲೈಸೆನ್ಸ್ ಇದೆ ಅಂತ ಮಾತ್ರ ಹೇಳುತ್ತದೆ. ಆ ಬ್ಯಾಚಿನ ಪುಡಿ ಪರೀಕ್ಷೆಯಾಗಿದೆ ಅಂತ ಅದರ ಅರ್ಥವಲ್ಲ.

ಮಗನಿಗೆ ನಾಟಿದ್ದು ಇನ್ನೊಂದು ಕತೆ. 2011ರಲ್ಲಿ ನಮ್ಮ ದೇಶದ 4 × 400 ಮೀಟರ್ ರಿಲೇ ಓಟಗಾರ್ತಿಯರು ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದರು. ಕುಂದಾಪುರ ಕಡೆಯ ಹುಡುಗಿಯೂ ಅವರಲ್ಲಿದ್ದಳು. ಕೋಚ್ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಗುಳಿಗೆಯಿಂದ ಹೀಗಾಯಿತು ಅನ್ನುವುದು ಅವರ ವಾದ. ಆದರೂ ಎರಡು ವರ್ಷ ಓಡುವಂತಿಲ್ಲ ಅಂತಾಯಿತು. ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರ ಪಾಡೇ ಹೀಗಾದರೆ, ಪ್ಲಾಸ್ಟಿಕ್ ಕವರಿನ ಪುಡಿಯ ಗತಿ ಏನೋ ಅಂದೆ. ಅವನು ತಾಲ್ಲೂಕು ಮಟ್ಟದಲ್ಲಿ ಉದ್ದ ಜಿಗಿತಕ್ಕೆ ಹೋಗುವವನು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇನ್ನು ಹೊಟ್ಟೆಯ ಲೆಕ್ಕ. ಇದನ್ನು ಅವನ ಕೈಯಲ್ಲೇ ಬರೆಸಿದೆ. ಇವಳ ಅಡುಗೆಮನೆಯಲ್ಲಿ ಕೇಕಿಗೆ ಅಂತ ತಂದ ಪುಟ್ಟ ತಕ್ಕಡಿ ಇತ್ತು. ಒಂದು ವಾರ ತಿಂದದ್ದನ್ನೆಲ್ಲ ತೂಗಿ ಹಳೇ ಬಿಲ್ ಬುಕ್ಕಿನಲ್ಲಿ ಬರೆದ. ಬೆಳಗ್ಗೆ ಇಡ್ಲಿ ಇಲ್ಲವೇ ಉಪ್ಪಿಟ್ಟು, ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ, ಸಂಜೆ ಬೇಕರಿಯ ಪಫ್ಸು, ರಾತ್ರಿ ಮುದ್ದೆ ಸಾರು. ಬಾಡೂಟದ ದಿನ ಬಿಟ್ಟರೆ ಪ್ರೋಟೀನ್ 40 ಗ್ರಾಂ ದಾಟಲಿಲ್ಲ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನುವ ಸೀಮೆಯವರು ನಾವು, ನನಗೆ ಸ್ವಲ್ಪ ಬೇಜಾರೇ ಆಯಿತು. ರಾಗಿಯಲ್ಲಿ ಸುಣ್ಣದಂಶ ಬೇಕಾದಷ್ಟಿದೆ, ಪ್ರೋಟೀನ್ ನೂರು ಗ್ರಾಂಗೆ ಏಳೇ. ಬೆಟ್ಟ ಕಿತ್ತದ್ದರಲ್ಲಿ ಹುರುಳಿಕಾಳು ಸಾರಿನ ಪಾಲೂ ಇರಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ಅವನ ವಯಸ್ಸಿನ ಹುಡುಗನಿಗೆ ದಿನಕ್ಕೆ ಸುಮಾರು 55 ಗ್ರಾಂ ಬೇಕು. ಭಾರ ಎತ್ತುವವನಿಗೆ ಮೈತೂಕದ ಕೆಜಿಗೆ 1.4 ಗ್ರಾಂ ಅಂತ ಹಿಡಿದರೆ 81. ಅಂದರೆ ಪುಡಿ ಕೇಳಿದ್ದರಲ್ಲಿ ಅವನದು ಪೂರ್ತಿ ತಪ್ಪಿರಲಿಲ್ಲ. ಹಸಿವಿಗೆ ಸರಿಯಾಗಿ ನಾವು ಬಡಿಸುತ್ತಿದ್ದೆವು, ಮೈಗೆ ಬೇಕಾದದ್ದನ್ನು ಅಲ್ಲ. ಇದನ್ನು ಅವನ ಮುಂದೆಯೇ ಒಪ್ಪಿಕೊಂಡೆ. ಅಲ್ಲಿಂದ ಮುಂದೆ ಜಗಳ ಕಡಿಮೆಯಾಯಿತು.

ಕೊರತೆ 40 ಗ್ರಾಂ. ಮೂರು ಮೊಟ್ಟೆಗೆ 18, ಇನ್ನೊಂದು ಲೋಟ ನಂದಿನಿ ಹಾಲಿಗೆ 6, ಒಂದು ಹಿಡಿ ಕಡಲೆಕಾಯಿ ಬೀಜ, ಅಂದರೆ 40 ಗ್ರಾಂ, ಅದಕ್ಕೆ 10. ರಾತ್ರಿ ಸಾರಿಗೆ ಇವಳು ಹಾಕುತ್ತಿದ್ದ ಕಾಳನ್ನು ಎರಡರಷ್ಟು ಮಾಡಿದಳು, ಅದರಿಂದ ಏಳೆಂಟು. ದಿನಕ್ಕೆ 45 ರೂಪಾಯಿ ಒಳಗೆ ಮುಗಿಯಿತು. ವೇ ಪುಡಿಯ ಒಂದು ಸ್ಕೂಪಿಗೆ 24 ಗ್ರಾಂ ಪ್ರೋಟೀನ್, ಬೀಳುವುದು ನೂರು ರೂಪಾಯಿ ಹತ್ತಿರ. ಮೊಟ್ಟೆ ಬೇಯಿಸಿ ಸುಲಿದುಕೊಳ್ಳುವುದು ಅವನ ಕೆಲಸ ಅಂತ ಇವಳು ಮೊದಲ ದಿನವೇ ಹೇಳಿಬಿಟ್ಟಳು.

ಜಿಮ್ಮಿಗೂ ಹೋಗಿ ಬಂದೆ. ಟ್ರೇನರ್ ಕೆಟ್ಟವನಲ್ಲ. ಪುಡಿ ಮಾರಿದರೆ ಅವನಿಗೆ ಕಮಿಷನ್, ನನಗೆ ಮಾರ್ಜಿನ್. ಒಬ್ಬರನ್ನೊಬ್ಬರು ಬೈಯುವ ಸ್ಥಿತಿಯಲ್ಲಿ ಇರಲಿಲ್ಲ. ಅವನು ಹೇಳಿದ ಒಂದು ಮಾತು ಮಾತ್ರ ಉಪಯೋಗಕ್ಕೆ ಬಂತು: “ನಿಮ್ ಹುಡುಗ ಬರೀ ತೋಳು, ಎದೆ ಮಾಡ್ತಾನೆ ಸರ್. ಕಾಲಿನ ದಿನ ಬರೋದೇ ಇಲ್ಲ.” ರಾತ್ರಿ ಒಂದು ಗಂಟೆವರೆಗೆ ರೀಲ್ಸ್ ನೋಡಿ ಬೆಳಗ್ಗೆ ಐದೂವರೆಗೆ ಏಳುವವನಿಗೆ ಯಾವ ಪುಡಿ ಮೈಗೆ ಹತ್ತೀತು ಅಂತ ನಾನು ಹೇಳಿದ್ದಕ್ಕೆ ಅವನೂ ತಲೆಯಾಡಿಸಿದ. ಈಗ ಹತ್ತೂವರೆಗೆ ಮೂವರ ಫೋನೂ ಫ್ರಿಜ್ಜಿನ ಮೇಲೆ. ನನ್ನದೂ ಸೇರಿ, ಅದು ಅವನ ಷರತ್ತು.

ಒಂದು ವಿಷಯ ಅವನಿಗೆ ಮುಚ್ಚಿಡದೆ ಹೇಳಿದೆ. ಅಂಗಡಿಗೆ ಬಂದು ಮೆಲ್ಲಗೆ ಕೇಳುವವರಿದ್ದಾರೆ, ಮೈ ಬೆಳೆಯುವ ಸ್ಟೆರಾಯ್ಡ್ ಇಂಜೆಕ್ಷನ್, ಆಪರೇಷನ್ ಥಿಯೇಟರಿನಲ್ಲಿ ಬಿಪಿ ಬಿದ್ದಾಗ ಕೊಡುವ ಇಂಜೆಕ್ಷನ್. ಹೆಸರು ಇಲ್ಲಿ ಬರೆಯುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಸ್ಟೆರಾಯ್ಡ್ ಹೋದರೆ ಮೂಳೆಯ ತುದಿಯ ಬೆಳವಣಿಗೆ ಬೇಗ ಮುಚ್ಚಿಕೊಳ್ಳುತ್ತದೆ, ಎತ್ತರ ಅಲ್ಲಿಗೇ ನಿಲ್ಲುತ್ತದೆ. “ಯಾರಾದ್ರೂ ಕೊಡ್ತೀನಿ ಅಂದ್ರೆ ಬೈಯಲ್ಲ, ನಂಗೊಂದು ಮಾತು ಹೇಳು” ಅಂದೆ. ಒಬ್ಬ ಆಗಲೇ ಕೇಳಿದ್ದ ಅಂದ. ನಾನು ಬೈಯಲಿಲ್ಲ. ಕಷ್ಟವಾಯಿತು.

ನಾಲ್ಕು ತಿಂಗಳಲ್ಲಿ 58ರಿಂದ 61.5 ಕೆಜಿಗೆ ಬಂದ. ಅಕ್ಟೋಬರಿನಲ್ಲಿ ಒಂದು ಕೆಜಿ ವೇ ಕೊಡಿಸಿದೆ, ಮಾತು ಕೊಟ್ಟಿದ್ದೆ. ಟ್ಯೂಷನ್ನಿನಿಂದ ನೇರ ಜಿಮ್ಮಿಗೆ ಹೋಗುವ ದಿನ ಮಾತ್ರ ಒಂದು ಸ್ಕೂಪು. ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ, ಗೊತ್ತು. ಪ್ಲಾಸ್ಟಿಕ್ ಕವರಿನ ಪುಡಿಗಿಂತ ನನ್ನ ಕಣ್ಣೆದುರಿನ ಡಬ್ಬ ವಾಸಿ ಅನ್ನಿಸಿತು. ಕ್ರಿಯಾಟಿನ್ ಮಾತ್ರ ಬೇಡ ಅಂದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 18ರ ಒಳಗಿನವರಿಗೆ ಅದು ಬೇಡ ಅನ್ನುತ್ತದೆ. “ಹದಿನೆಂಟಾದ ಮೇಲೆ ನಿನ್ನನ್ನ ಕೇಳಬೇಕಾಗಿಲ್ಲ ಅಲ್ವಾ?” ಅಂದ. ಕೇಳಬೇಕಾಗಿಲ್ಲ ಅಂದೆ. ಖಾಲಿ ಡಬ್ಬದಲ್ಲಿ ಈಗ ಇವಳು ಹುರುಳಿಕಾಳು ತುಂಬಿಟ್ಟಿದ್ದಾಳೆ, ಅಳೆಯುವುದೂ ಅದೇ ಸ್ಕೂಪಿನಲ್ಲಿ.

ಅಂಗಡಿಯಲ್ಲಿ ಮಾಸ್ ಗೇನರ್, ಪ್ರಿ-ವರ್ಕೌಟ್ ಎರಡನ್ನೂ ಡಿಸ್ಟ್ರಿಬ್ಯೂಟರಿಗೆ ವಾಪಸ್ ಕೊಟ್ಟೆ. ವೇ ಇದೆ, ಕೌಂಟರಿನ ಹಿಂದೆ. ಹೋದ ವಾರ ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬ ಬಂದು ಗೇನರ್ ಕೇಳಿದ. ಇಲ್ಲ ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು, “ಮನೇಲಿ ಹೇಳಿದ್ದೀಯೇನಪ್ಪ? ದಿನಕ್ಕೆ ಎಷ್ಟು ಮೊಟ್ಟೆ ತಿಂತೀಯ?” ಅಂತ ಶುರು ಮಾಡಿದೆ.

“ಅಂಕಲ್, ಇಲ್ಲ ಅಂದ್ರೆ ಇಲ್ಲ ಅನ್ನಿ” ಅಂದು ರಸ್ತೆ ದಾಟಿ ಎದುರು ಅಂಗಡಿಗೆ ಹೋದ. ಐದು ನಿಮಿಷಕ್ಕೆ ಕರಿ ಡಬ್ಬವನ್ನು ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ನನ್ನ ಅಂಗಡಿ ಮುಂದೆಯೇ ಹೋದ.