ಹಿತ್ತಲ ಕೋಳಿಗೆ ಯಾವ ಮೇವು? ಟಾನಿಕ್ ಬಾಟಲಿಗೂ ಮೊದಲು ನೋಡಬೇಕಾದ್ದು

ಮಂಡ್ಯದಲ್ಲೋ ಮೈಸೂರಿನಲ್ಲೋ ಫೀಡ್ ಅಂಗಡಿಗೆ ಹೋಗಿ ಕೋಳಿ ಮೇವು ಕೇಳಿದರೆ ಬರುವ ಪ್ರಶ್ನೆ ಒಂದೇ: "ಬಾಯ್ಲರ್‌ಗಾ, ಲೇಯರ್‌ಗಾ?" ಅಂದರೆ ಮಾಂಸದ ಕೋಳಿಗೋ, ಮೊಟ್ಟೆ ಕೋಳಿಗೋ ಎಂದು. ಹಿತ್ತಲಲ್ಲಿ ಹತ್ತು ಕೋಳಿ ಸಾಕಿದವರಿಗೆ ಎರಡೂ ಪೂರ್ತಿ ಹೊಂದುವುದಿಲ್ಲ. ನಮ್ಮ ಕೋಳಿ ಬೆಳಿಗ್ಗೆ ತಿಪ್ಪೆ ಕೆದಕುತ್ತದೆ, ಮಧ್ಯಾಹ್ನ ಕೊಟ್ಟಿಗೆಯಲ್ಲಿ ಹಸು ಚೆಲ್ಲಿದ್ದನ್ನು ಹೆಕ್ಕುತ್ತದೆ, ಸಂಜೆ ಒಂದು ಹಿಡಿ ರಾಗಿಗೆ ಬಾಗಿಲಿಗೆ ಬರುತ್ತದೆ. ಹ್ಯಾಟೆ, ಹುಂಜ, ಪಿಳ್ಳೆ ಎಲ್ಲವೂ ಒಂದೇ ತಟ್ಟೆಗೆ ಬಾಯಿ ಹಾಕುತ್ತವೆ. ಮೊಟ್ಟೆ ಕಡಿಮೆಯಾಯಿತು ಅಂದ ತಕ್ಷಣ ನಾವು ತರುವುದು ಮಾತ್ರ ಒಂದು ಟಾನಿಕ್ ಬಾಟಲಿ. ಬಹಳಷ್ಟು ಸಲ ಕೊರತೆ ಇರುವುದು ಪ್ರೋಟೀನ್ ಮತ್ತು ಸುಣ್ಣದಂಶದಲ್ಲಿ. ಅದು ಬಾಟಲಿಯಿಂದ ತುಂಬುವಂಥದ್ದಲ್ಲ. ಆದ್ದರಿಂದ ಬಾಟಲಿಯನ್ನು ಕೊನೆಗೆ ಇಟ್ಟುಕೊಂಡು ಶುರು ಮಾಡೋಣ.

ಮೊದಲು: ಕೋಳಿ ಯಾವುದು, ಅದಕ್ಕೆ ಹೊರಗೆ ಏನು ಸಿಗುತ್ತದೆ?

ನಾಟಿ ಹ್ಯಾಟೆ ವರ್ಷಕ್ಕೆ ಸುಮಾರು 60ರಿಂದ 80 ಮೊಟ್ಟೆ ಇಡುತ್ತದೆ. ನಡುವೆ ಕಾವು ಕೂರುತ್ತದೆ, ಮರಿ ಮಾಡುತ್ತದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರಾದಂಥ ತಳಿಗಳು ಇದರ ಎರಡು ಪಟ್ಟು ಇಡಬಲ್ಲವು, ಆದರೆ ಅಷ್ಟೇ ಚೆನ್ನಾಗಿ ಮೇವು ಹಾಕಬೇಕು. ಗಿರಿರಾಜ ಕೋಳಿಯನ್ನು ನಾಟಿ ಕೋಳಿಯಂತೆ ಬೀದಿಗೆ ಬಿಟ್ಟು "ಮೊಟ್ಟೆಯೇ ಇಡಲ್ಲ" ಎಂದು ಬೈದರೆ ತಪ್ಪು ಕೋಳಿಯದಲ್ಲ.

ಹೊರಗೆ ಎಷ್ಟು ತಿಂದಿದೆ ಅಂತ ತಿಳಿಯುವುದು ಸುಲಭ. ಸಂಜೆ ಗೂಡು ಸೇರುವಾಗ ಕೋಳಿಯನ್ನು ಹಿಡಿದು ಕತ್ತಿನ ಬುಡದ ಚೀಲವನ್ನು ಮುಟ್ಟಿ ನೋಡಿ. ತುಂಬಿ ಉಬ್ಬಿದ್ದರೆ ಸರಿ, ಜೋತುಬಿದ್ದ ಖಾಲಿ ಚೀಲವಾದರೆ ಹಿತ್ತಲು ಸಾಕಾಗುತ್ತಿಲ್ಲ ಎಂದರ್ಥ. ಎದೆಮೂಳೆಯನ್ನೂ ಸವರಿ. ಚೂಪಾಗಿ ಬೆರಳಿಗೆ ಚುಚ್ಚುವಂತಿದ್ದರೆ ಕೋಳಿ ಸೊರಗಿದೆ.

ಇದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಭತ್ತದ ಕೊಯ್ಲಿನ ಹೊತ್ತಿಗೆ ಕಣದಲ್ಲಿ ಕಾಳಿಗೆ ಬರವಿಲ್ಲ. ಮುಂಗಾರಿನಲ್ಲಿ ಹುಳುಹುಪ್ಪಟೆ ಜಾಸ್ತಿ. ಮಾರ್ಚ್‌ನಿಂದ ಮೇವರೆಗೆ ನೆಲ ಒಣಗಿ ಕೆದಕಿದರೂ ಏನೂ ಸಿಗುವುದಿಲ್ಲ. ದಿನವಿಡೀ ಹೊರಗೆ ಮೇಯುವ ನಾಟಿ ಕೋಳಿಗೆ ಮಾಮೂಲಿ ದಿನಗಳಲ್ಲಿ ಸಂಜೆ 30ರಿಂದ 50 ಗ್ರಾಂ ಮೇವು ಸಾಕು. ಬೇಸಿಗೆಯಲ್ಲಿ ಇನ್ನಷ್ಟು ಬೇಕು. ಮೈಸೂರಿನ ಬಡಾವಣೆಯ ಕಾಂಪೌಂಡ್ ಒಳಗೋ ತಾರಸಿ ಮೇಲೋ ಜಾಲರಿ ಕಟ್ಟಿ ಸಾಕುವವರಾದರೆ ಪೂರ್ತಿ ಹೊಣೆ ನಿಮ್ಮದೇ. ದೊಡ್ಡ ಕೋಳಿಗೆ ದಿನಕ್ಕೆ 100ರಿಂದ 110 ಗ್ರಾಂ. ಹತ್ತು ಕೋಳಿಗೆ ತಿಂಗಳಿಗೆ ಹೆಚ್ಚುಕಡಿಮೆ 30 ಕೆಜಿ.

ವಯಸ್ಸು ನೋಡಿ ಚೀಲ ಆರಿಸಿ

ಅಂಗಡಿಯಲ್ಲಿ ಪ್ರೀ-ಸ್ಟಾರ್ಟರ್, ಸ್ಟಾರ್ಟರ್, ಫಿನಿಶರ್ ಎಂದು ಬರೆದ ಚೀಲಗಳು ಸಾಮಾನ್ಯವಾಗಿ ಬಾಯ್ಲರ್ ಕೋಳಿಯವು. ಚಿಕ್ ಮ್ಯಾಶ್, ಗ್ರೋವರ್ ಮ್ಯಾಶ್, ಲೇಯರ್ ಮ್ಯಾಶ್ ಎಂದಿರುವುದು ಮೊಟ್ಟೆ ಕೋಳಿಯವು. ನಮಗೆ ಬೇಕಾದದ್ದು ಎರಡನೆಯ ಸಾಲು.

ಮೊದಲ ಎಂಟು ವಾರ ಪಿಳ್ಳೆಗಳಿಗೆ ಶೇ 20ರಷ್ಟು ಪ್ರೋಟೀನ್ ಇರುವ ಚಿಕ್ ಮ್ಯಾಶ್. ಅದು ಸಿಗದಿದ್ದರೆ ಬಾಯ್ಲರ್ ಸ್ಟಾರ್ಟರ್ ಕೊಡಬಹುದು, ತೊಂದರೆಯಿಲ್ಲ. ಆಮೇಲೆ ಮೊಟ್ಟೆಗೆ ಬರುವ ತನಕ ಶೇ 16ರ ಗ್ರೋವರ್. ಮೊದಲ ಮೊಟ್ಟೆ ಕಂಡ ಮೇಲೆ ಲೇಯರ್: ಪ್ರೋಟೀನ್ ಶೇ 16ರಿಂದ 18, ಸುಣ್ಣದಂಶ ಅಂದರೆ ಕ್ಯಾಲ್ಸಿಯಂ ಶೇ 3.5ರ ಆಸುಪಾಸು. ಚೀಲದ ಚೀಟಿಯಲ್ಲಿ ಈ ಎರಡು ಅಂಕಿಗಳನ್ನೂ ತಯಾರಾದ ದಿನಾಂಕವನ್ನೂ ಓದಿ. ಉಳಿದದ್ದನ್ನು ಸದ್ಯಕ್ಕೆ ಬಿಡಿ.

ಲೇಯರ್ ಮೇವನ್ನು ಪಿಳ್ಳೆಗಳಿಗೆ ಹಾಕಬಾರದು. ಅಷ್ಟೊಂದು ಸುಣ್ಣವನ್ನು ಎಳೆಯ ಮೂತ್ರಪಿಂಡ ತಡೆಯುವುದಿಲ್ಲ. ಹೊರಗೆ ಏನೂ ಕಾಣದೆ ಒಳಗೇ ಕೆಟ್ಟು ಮರಿಗಳು ಸಾಯಲೂಬಹುದು. ಹಾಗಾದರೆ ತಾಯಿ ಮರಿ ಒಟ್ಟಿಗೇ ಇರುವ ಮನೆಯಲ್ಲಿ ಏನು ಮಾಡುವುದು? ಎರಡು ದಾರಿ. ಎಲ್ಲಕ್ಕೂ ಚಿಕ್ ಅಥವಾ ಗ್ರೋವರ್ ಮೇವು ಹಾಕಿ, ಮೊಟ್ಟೆ ಇಡುವವಕ್ಕೆ ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಇಡುವುದು ಒಂದು. ಬೇಕಾದ ಹ್ಯಾಟೆ ಮಾತ್ರ ಅದನ್ನು ಹೆಕ್ಕುತ್ತದೆ, ಮರಿ ಅತ್ತ ಹೆಚ್ಚು ಹೋಗುವುದಿಲ್ಲ. ಇನ್ನೊಂದು, ಅಗಲ ಸಂದಿನ ಬಿದಿರು ಕುಕ್ಕೆಯನ್ನು ಬೋರಲು ಹಾಕಿ ಒಳಗೆ ಪಿಳ್ಳೆ ಮೇವು ಇಡುವುದು. ಮರಿ ನುಸುಳುತ್ತದೆ, ತಾಯಿಗೆ ಆಗುವುದಿಲ್ಲ. ನನಗೆ ಕೇಳಿದರೆ ಮೊದಲನೆಯದೇ ವಾಸಿ. ಕುಕ್ಕೆ ಕಾಯುತ್ತ ಕೂರುವಷ್ಟು ಪುರುಸೊತ್ತು ಯಾರಿಗಿದೆ?

ಒಂದು ಮೇವಿನಿಂದ ಇನ್ನೊಂದಕ್ಕೆ ಹೋಗುವಾಗ ಒಂದು ವಾರ ಎರಡನ್ನೂ ಬೆರೆಸಿ ಕೊಡಿ.

ಹಸುವಿನ ಫೀಡ್ ಮನೆಯಲ್ಲೇ ಇದೆ, ಅದನ್ನೇ ಹಾಕೋಣ ಅಂತ ಡೇರಿಗೆ ಹಾಲು ಹಾಕುವ ಮನೆಯವರಿಗೆ ಅನ್ನಿಸುವುದು ಸಹಜ. ಬೇಡ. ಅದರಲ್ಲಿ ನಾರು ಜಾಸ್ತಿ, ಕೆಲವದರಲ್ಲಿ ಯೂರಿಯಾ ಕೂಡ ಇರುತ್ತದೆ. ಹೆಕ್ಕಿದ ನಾಲ್ಕು ಕಾಳಿನಿಂದ ಏನೂ ಆಗದು, ದಿನದ ಮೇವಾಗಿ ಮಾತ್ರ ಅದು ಕೋಳಿಯದಲ್ಲ.

ರಾಗಿ ಬೆರೆಸುವ ಮುಂಚೆ ಒಂದು ಲೆಕ್ಕ

ಎಲ್ಲರೂ ಎಡವುವ ಜಾಗ ಇದು. ದುಡ್ಡು ಕೊಟ್ಟು ಒಳ್ಳೆಯ ಲೇಯರ್ ಮೇವು ತರುತ್ತಾರೆ. ಬೇಗ ಖಾಲಿಯಾಗದಿರಲಿ ಅಂತ ಅರ್ಧಕ್ಕರ್ಧ ರಾಗಿಯನ್ನೋ ನುಚ್ಚನ್ನೋ ಬೆರೆಸುತ್ತಾರೆ. ರಾಗಿಯಲ್ಲಿ ಪ್ರೋಟೀನ್ ಶೇ 7ರಷ್ಟು, ಮೇವಿನಲ್ಲಿ ಶೇ 17. ಸಮ ಬೆರೆಸಿದರೆ ಶೇ 12 ಆಯಿತು. ಸುಣ್ಣದಂಶವೂ ಅರ್ಧಕ್ಕೆ ಇಳಿಯಿತು. ಮೊಟ್ಟೆ ನಿಲ್ಲದೆ ಇನ್ನೇನಾಗುತ್ತದೆ?

"ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ" ಎನ್ನುವವರಿದ್ದಾರೆ. ಇದೆ, ನಿಜ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಮನುಷ್ಯರಿಗೆ ಅದು ದೊಡ್ಡದು. ಆದರೆ ಒಂದು ಮೊಟ್ಟೆಯ ಚಿಪ್ಪಿನಲ್ಲೇ 2 ಗ್ರಾಂನಷ್ಟು ಕ್ಯಾಲ್ಸಿಯಂ ಹೋಗುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಚೆನ್ನಾಗಿ ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 4 ಗ್ರಾಂ ಬೇಕು. ಅಷ್ಟನ್ನು ರಾಗಿಯಿಂದಲೇ ತುಂಬಿಸಲು ಹೊರಟರೆ ಅದು ದಿನಕ್ಕೆ ಒಂದು ಕೆಜಿಗೂ ಮೇಲೆ ರಾಗಿ ತಿನ್ನಬೇಕು!

ಬಿಡಿ ಕಾಳು ಕೊಡಲೇಬಾರದು ಅಂತಲ್ಲ. ಒಟ್ಟು ಮೇವಿನಲ್ಲಿ ಹತ್ತರಲ್ಲಿ ಒಂದು ಪಾಲು ಸಾಕು, ಅದೂ ಸಂಜೆ. ಗೂಡಿಗೆ ಕರೆಯಲಿಕ್ಕೂ ಅನುಕೂಲ.

ಮನೆಯಲ್ಲೇ ಬೆರೆಸುವುದಾದರೆ

ಮುಸುಕಿನ ಜೋಳ, ತೌಡು, ನುಚ್ಚು ನಮ್ಮ ಕಡೆ ಸುಲಭವಾಗಿ ಸಿಗುತ್ತವೆ. ಕೊರತೆ ಪ್ರೋಟೀನಿನದ್ದು. ಸುಲಭದ ಲೆಕ್ಕ ಹೀಗೆ: ಜೋಳದಲ್ಲಿ ಪ್ರೋಟೀನ್ ಶೇ 9, ಸೋಯಾ ಹಿಂಡಿಯಲ್ಲಿ ಶೇ 45. ನಾಲ್ಕು ಕೆಜಿ ಜೋಳಕ್ಕೆ ಒಂದು ಕೆಜಿ ಸೋಯಾ ಹಿಂಡಿ ಹಾಕಿದರೆ ಶೇ 16 ಬರುತ್ತದೆ. ಮಿಕ್ಕದ್ದೆಲ್ಲ ಇದರ ಮೇಲಿನ ತಿದ್ದುಪಡಿ.

ಮೊಟ್ಟೆ ಇಡುವ ಕೋಳಿಗೆ 10 ಕೆಜಿ ಮೇವಿನ ಒಂದು ಅಳತೆ:

ಮುಸುಕಿನ ಜೋಳದ ತರಿ – 4.5 ಕೆಜಿ
ರಾಗಿ ಅಥವಾ ಅಕ್ಕಿ ನುಚ್ಚು – 1 ಕೆಜಿ
ಅಕ್ಕಿ ತೌಡು – 1 ಕೆಜಿ
ಕಡಲೆಕಾಯಿ ಹಿಂಡಿ – 1.2 ಕೆಜಿ
ಸೋಯಾ ಹಿಂಡಿ – 1.2 ಕೆಜಿ
ಚಿಪ್ಪಿನ ಚೂರು ಅಥವಾ ಸುಣ್ಣಕಲ್ಲಿನ ತರಿ – 800 ಗ್ರಾಂ
ಕೋಳಿಯ ಖನಿಜ ಮಿಶ್ರಣ – 250 ಗ್ರಾಂ
ಉಪ್ಪು – 30 ಗ್ರಾಂ

ವಿಟಮಿನ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟು ಸೇರಿಸಿ. ಖನಿಜ ಮಿಶ್ರಣದಲ್ಲೇ ಉಪ್ಪಿದ್ದರೆ ಬೇರೆ ಉಪ್ಪು ಬೇಡ. ಉಪ್ಪು, ಪುಡಿಗಳನ್ನು ಮೊದಲು ಒಂದು ಕೆಜಿ ತೌಡಿನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಉಳಿದದ್ದಕ್ಕೆ ಬೆರೆಸಿ. ಇಲ್ಲದಿದ್ದರೆ ಒಂದು ಕೋಳಿಗೆ ಎಲ್ಲ ಉಪ್ಪು, ಇನ್ನೊಂದಕ್ಕೆ ಏನೂ ಇಲ್ಲ ಎಂಬಂತಾಗುತ್ತದೆ. ಈ ಅಳತೆ ಪಿಳ್ಳೆಗಳಿಗಲ್ಲ.

ಕಡಲೆಕಾಯಿ ಹಿಂಡಿ ಒಂದನ್ನೇ ನಂಬಬೇಡಿ. ಅದರಲ್ಲಿ ಪ್ರೋಟೀನ್ ಹೇರಳ, ಆದರೆ ಕೋಳಿಗೆ ಬೇಕಾದ ಲೈಸಿನ್, ಮಿಥಿಯೋನಿನ್ ಎಂಬ ಪ್ರೋಟೀನಿನ ಘಟಕಗಳು ಕಡಿಮೆ. ಲೈಸಿನ್ ಸೋಯಾದಲ್ಲಿ ಸಿಗುತ್ತದೆ, ಮಿಥಿಯೋನಿನ್ ಎಳ್ಳು ಹಿಂಡಿಯಲ್ಲಿ. ಎಳ್ಳು ಹಿಂಡಿ ಸಿಕ್ಕರೆ ಕಡಲೆಕಾಯಿ ಹಿಂಡಿಯ ಒಂದು ಪಾಲನ್ನು ಅದಕ್ಕೆ ಬದಲಿಸಿ. ಹಸಿ ಸೋಯಾ ಕಾಳನ್ನು ಪುಡಿ ಮಾಡಿ ಹಾಕಬಾರದು, ಜೀರ್ಣಕ್ಕೆ ಅಡ್ಡಿ. ಹರಳು ಹಿಂಡಿ, ಹೊಂಗೆ ಹಿಂಡಿ, ಬೇವಿನ ಹಿಂಡಿ ಗೊಬ್ಬರಕ್ಕೆ ಇರುವಂಥವು. ಕೋಳಿ ಬಾಯಿಗೆ ಸಿಗದಂತೆ ಇಡಿ. ಹತ್ತಿಕಾಳು ಹಿಂಡಿಯೂ ಬೇಡ. ಅದರಿಂದ ಮೊಟ್ಟೆಯ ಭಂಡಾರದ, ಅಂದರೆ ಒಳಗಿನ ಹಳದಿ ಭಾಗದ, ಬಣ್ಣವೇ ಕೆಡುತ್ತದೆ.

ಎಲ್ಲಕ್ಕಿಂತ ಹೆದರಬೇಕಾದದ್ದು ಬೂಷ್ಟಿಗೆ. ಮಳೆಗಾಲದಲ್ಲಿ ಜೋಳಕ್ಕೂ ಕಡಲೆಕಾಯಿ ಹಿಂಡಿಗೂ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳುತ್ತದೆ. ಅದು ಯಕೃತ್ತನ್ನು ಹಾಳುಮಾಡುತ್ತದೆ. ಬಿಸಿಲಿಗೆ ಹಾಕಿದರೆ ಬೂಷ್ಟು ಉದುರೀತು, ವಿಷ ಹೋಗುವುದಿಲ್ಲ. "ನಾವು ತಿನ್ನಲ್ಲ, ಕೋಳಿಗೆ ಹಾಕೋಣ" ಎಂಬ ಮಾತು ಇಲ್ಲಿ ನಡೆಯದು. ತೌಡಿನ ಎಣ್ಣೆ ಬೇಗ ಕಮಟುತ್ತದೆ. ಆದ್ದರಿಂದ ಎರಡು ವಾರಕ್ಕೆ ಆಗುವಷ್ಟೇ ಬೆರೆಸಿ, ನೆಲಕ್ಕೆ ಗೋಡೆಗೆ ತಾಗದಂತೆ ಹಲಗೆ ಮೇಲೆ ಇಡಿ.

ಚಿಪ್ಪು ಬೇರೆ, ಮರಳು ಬೇರೆ

ಚಿಪ್ಪಿನ ಚೂರು ಹೊಟ್ಟೆಯಲ್ಲಿ ಕರಗಿ ಕ್ಯಾಲ್ಸಿಯಂ ಆಗುತ್ತದೆ. ದಪ್ಪ ಮರಳು ಕರಗುವುದಿಲ್ಲ. ಅದು ಕಂದನಕಾಯಿಯಲ್ಲಿ ಕೂತು ಬೀಸುವ ಕಲ್ಲಿನಂತೆ ಕಾಳು ಅರೆಯುತ್ತದೆ. ಹೊರಗೆ ಓಡಾಡುವ ಕೋಳಿ ಮರಳನ್ನು ತಾನೇ ಹುಡುಕಿಕೊಳ್ಳುತ್ತದೆ. ತಾರಸಿ ಮೇಲಿನ ಕೋಳಿಗೆ ನೀವೇ ಒಂದು ಬಟ್ಟಲು ಇಡಬೇಕು.

ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ. ಆದ್ದರಿಂದ ಚಿಪ್ಪಿನ ಚೂರನ್ನು ಸಂಜೆ ಇಡಿ, ನುಣ್ಣಗೆ ಪುಡಿ ಮಾಡಬೇಡಿ. ದಪ್ಪ ಚೂರು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತ ಬೆಳಗಿನವರೆಗೂ ಒದಗುತ್ತದೆ. ಮನೆಯ ಮೊಟ್ಟೆ ಚಿಪ್ಪನ್ನೂ ತೊಳೆದು, ಬಾಣಲೆಯಲ್ಲಿ ಬಿಸಿ ಮಾಡಿ, ಚೂರು ಮಾಡಿ ಕೊಡಬಹುದು. ಎಲೆಅಡಿಕೆ ಸುಣ್ಣವನ್ನು ನೀರಿಗೆ ಕದಡಿ ಕುಡಿಸುವವರಿದ್ದಾರೆ. ಅದು ಬಾಯಿ ಸುಡುವ ವಸ್ತು, ಬೇಡ.

ಏಪ್ರಿಲ್ ಬಿಸಿಲಲ್ಲಿ ಎಷ್ಟು ಚಿಪ್ಪು ಕೊಟ್ಟರೂ ಮೊಟ್ಟೆ ತೆಳ್ಳಗೇ ಬರುತ್ತದೆ, ಗಮನಿಸಿದ್ದೀರಾ? ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟಾಗ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗುತ್ತದೆ. ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಬರುವುದು ಅಲ್ಲಿಂದಲೇ. ಆಗ ಬೇಕಾದದ್ದು ನೆರಳು, ತಣ್ಣನೆ ನೀರು, ಬೆಳಿಗ್ಗೆ ಬೇಗ ಮತ್ತು ಸಂಜೆ ತಂಪಿನಲ್ಲಿ ಮೇವು. ಕೋಳಿ ಮೇವಿನ ಎರಡು ಪಟ್ಟು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ.

ಸೊಪ್ಪು, ಹುಳು, ಅಜೋಲಾ

ನುಗ್ಗೆ ಸೊಪ್ಪು, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು, ಪಾಲಕ್ ಏನಾದರೂ ಸರಿ, ಎತ್ತರಕ್ಕೆ ಕಟ್ಟಿ ತೂಗುಬಿಡಿ. ಭಂಡಾರ ಹಳದಿಯಾಗುವುದು ಇದರಿಂದ. ನುಚ್ಚನ್ನೇ ತಿಂದ ಕೋಳಿಯ ಭಂಡಾರ ಬಿಳಿಚಿಕೊಂಡಿರುತ್ತದೆ. ಚೆಂಡುಹೂವಿನ ಎಸಳೂ ಬಣ್ಣ ಕೊಡುತ್ತದೆ. ಅದರಿಂದ ತೆಗೆದ ಬಣ್ಣವನ್ನು ದೊಡ್ಡ ಫಾರಂಗಳ ಮೇವಿಗೂ ಸೇರಿಸುತ್ತಾರೆ. ಬಣ್ಣ ಗಾಢವಾದ ಮಾತ್ರಕ್ಕೆ ಪ್ರೋಟೀನ್ ಜಾಸ್ತಿ ಅಂತಲ್ಲ, ಅದು ನೆನಪಿರಲಿ.

ನೀರಿನ ಮೇಲೆ ತೇಲುತ್ತ ಬೆಳೆಯುವ ಪುಟ್ಟ ಸಸ್ಯ ಅಜೋಲಾ ಬಗ್ಗೆ ಮಾತು ಸ್ವಲ್ಪ ಹೆಚ್ಚೇ ಆಗಿದೆ. ಒಣಗಿದ ಅಜೋಲಾದಲ್ಲಿ ಶೇ 20ರಿಂದ 25 ಪ್ರೋಟೀನ್ ಇರುವುದು ನಿಜ. ಆದರೆ ಹಸಿ ಅಜೋಲಾದಲ್ಲಿ ಶೇ 90ಕ್ಕೂ ಮೇಲೆ ನೀರೇ. ಒಂದು ಕೆಜಿ ಹಾಕಿದರೆ ಸಿಗುವ ಪ್ರೋಟೀನ್ 15 ಗ್ರಾಂ ಚಿಲ್ಲರೆ. ಸೊಪ್ಪಿನ ಬದಲಿಗೆ ಒಳ್ಳೆಯದು, ಹಿಂಡಿಯ ಬದಲಿಗೆ ಅಲ್ಲ.

ಹುಳು ಬೇರೆ ಮಾತು. ಹಳೇ ಮಡಕೆಗೆ ಒದ್ದೆ ಹುಲ್ಲು, ಸಗಣಿ ತುಂಬಿ ಗೆದ್ದಲಿರುವ ಜಾಗದಲ್ಲಿ ರಾತ್ರಿ ಬೋರಲು ಹಾಕಿದರೆ ಬೆಳಿಗ್ಗೆ ಪಿಳ್ಳೆಗಳಿಗೆ ಹಬ್ಬ. ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವನ್ನು ಒಣಗಿಸಿ ಕೊಟ್ಟರೆ ಅದರಲ್ಲಿ ಅರ್ಧದಷ್ಟು ಪ್ರೋಟೀನೇ. ಆದರೆ ಕೊಬ್ಬು ಜಾಸ್ತಿ, ಬೇಗ ಕೆಡುತ್ತದೆ. ಮೇವಿನ ಶೇ 5 ದಾಟಿಸಬೇಡಿ, ಮೊಟ್ಟೆಗೆ ವಾಸನೆ ಹತ್ತುತ್ತದೆ. ಒಣಮೀನು ಉಪ್ಪು ಹಾಕದ್ದಾಗಿರಲಿ.

ಕೊನೆಗೆ ಬಾಟಲಿ

ಇಷ್ಟೆಲ್ಲ ಸರಿಯಿದ್ದೂ ಮೊಟ್ಟೆ ಕಡಿಮೆಯಾದರೆ ಮೊದಲು ಬೇರೆ ಕಾರಣ ಹುಡುಕಿ. ಪುಕ್ಕ ಉದುರಿಸುವ ಕಾಲವೇ? ಕಾವಿಗೆ ಕೂತಿದೆಯೇ? ಹಗಲು ಚಿಕ್ಕದಾದ ಡಿಸೆಂಬರ್ ತಿಂಗಳೇ? ಹೊಟ್ಟೆಯಲ್ಲಿ ಜಂತುಹುಳು ಇದೆಯೇ? ಜಂತುವಿಗೆ ಮೇವು ಹಾಕಿ ಸಾಕಿದರೆ ಸುಮ್ನೆ ದುಡ್ಡು ದಂಡ.

ಬಿ ಕಾಂಪ್ಲೆಕ್ಸ್ ಪಿಳ್ಳೆಗಳ ಕಾಲಬೆರಳು ಒಳಕ್ಕೆ ಮುದುಡಿದಾಗ ಕೆಲಸಕ್ಕೆ ಬರುತ್ತದೆ. ಅದು ಸಾಮಾನ್ಯವಾಗಿ ಬಿ2 ಕೊರತೆ. ಎಲೆಕ್ಟ್ರೊಲೈಟ್ ಪುಡಿ ಬಿರುಬಿಸಿಲಿಗೆ, ದೂರದಿಂದ ಮರಿ ತಂದ ದಿನಕ್ಕೆ. ಎ, ಡಿ3, ಇ ಇರುವ ಬಾಟಲಿಯನ್ನು ತಿಂಗಳಲ್ಲಿ ಕೆಲವು ದಿನ ಕೊಟ್ಟರೆ ಸಾಕು. ಎ ಮತ್ತು ಡಿ ಮೈಯಲ್ಲೇ ಉಳಿಯುತ್ತವೆ, ಅತಿಯಾದರೆ ವಿಷ. ಬಿಸಿಲು ಕಾಣುವ ಕೋಳಿಗೆ ಡಿ ಕೊರತೆ ಅಪರೂಪ. ನೀರಿಗೆ ಬೆರೆಸಿದ್ದನ್ನು ನೆರಳಲ್ಲಿಡಿ, ಮರುದಿನಕ್ಕೆ ಉಳಿಸಬೇಡಿ. ಬೆಳ್ಳುಳ್ಳಿ, ಅರಿಶಿನ ಸ್ವಲ್ಪ ಹಾಕಿದರೆ ಕೆಡುಕಿಲ್ಲ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮಾತ್ರ ಲಸಿಕೆಯೇ ದಾರಿ, ಅದಕ್ಕೆ ಯಾವ ಟಾನಿಕ್ಕೂ ಬದಲಿಯಲ್ಲ.

"ಸ್ವಲ್ಪ ಆಂಟಿಬಯೊಟಿಕ್ ಸೇರಿಸಿ, ಬೇಗ ದಪ್ಪ ಆಗ್ತವೆ" ಎಂದು ಯಾರಾದರೂ ಪೊಟ್ಟಣ ಕೊಟ್ಟರೆ ತರಬೇಡಿ. ಕೊಲಿಸ್ಟಿನ್ ಎಂಬ ಔಷಧವನ್ನು ಸಾಕುಪ್ರಾಣಿಗಳ ಮೇವಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಪಿಳ್ಳೆಗಳ ಹಿಕ್ಕೆಯಲ್ಲಿ ರಕ್ತ ಕಂಡರೆ, ಕೋಳಿ ತೂಕಡಿಸುತ್ತ ಮೂಲೆ ಸೇರಿದರೆ ಊರಿನ ಪಶು ಆಸ್ಪತ್ರೆಗೆ ತೋರಿಸಿ. ಮೇವಿನ ಅಳತೆಯ ಬಗ್ಗೆ ಅನುಮಾನವಿದ್ದರೆ ಮಂಡ್ಯದವರಿಗೆ ವಿ.ಸಿ. ಫಾರಂನ, ಮೈಸೂರಿನವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವಿದೆ. ವೈದ್ಯರು ಔಷಧಿ ಬರೆದುಕೊಟ್ಟರೆ, ಎಷ್ಟು ದಿನ ಆ ಕೋಳಿಯ ಮೊಟ್ಟೆ ತಿನ್ನಬಾರದು ಅಂತಲೂ ಅಲ್ಲೇ ಕೇಳಿ ಚೀಟಿಯ ಹಿಂದೆ ಬರೆಸಿಕೊಳ್ಳಿ.