ಓವನ್ ಬೇಡ, ಸಣ್ಣ ಉರಿ ಬೇಕು: ಗ್ಯಾಸ್ ಮೇಲೆ ಫ್ರಿಟಾಟಾ

ಬಳ್ಳಾರಿಯ ನಮ್ಮ ಓಣಿಯಲ್ಲಿ ಇತ್ತೀಚೆಗೆ ಮೂರು ಮನೆಯಲ್ಲಿ ಫ್ರಿಟಾಟಾ ತಿಂದೆ. ಮೂರೂ ಕಡೆ ತಳ ಕರಕಾಗಿತ್ತು, ನಡುವೆ ಹಸಿ ಉಳಿದಿತ್ತು. ಮಾಡಿದವರೆಲ್ಲ ಒಳ್ಳೆ ಕೈರುಚಿಯವರೇ. ಎಡವಿದ್ದು ಉರಿಯಲ್ಲಿ.

ಇದು ಇಟಲಿಯ ಅಡುಗೆ. ಕಲಸಿದ ತತ್ತಿಯನ್ನು ಪಲ್ಯದ ಮೇಲೆ ಸುರಿದು, ಅದೇ ಬಾಣಲೆಯಲ್ಲಿ ದಪ್ಪಗೆ ಬೇಯಿಸುತ್ತಾರೆ. ಆಮ್ಲೆಟ್ ಥರ ಮಡಚುವುದಿಲ್ಲ. ಓವನ್ ಇದ್ದವರು 180 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಇಟ್ಟರೆ ಮುಗೀತು. ಬಾಣಲೆಯ ಹಿಡಿ ಮಾತ್ರ ಪ್ಲಾಸ್ಟಿಕ್ಕಿನದು ಇರಬಾರದು.

8 ಇಂಚಿನ ಬಾಣಲೆಗೆ 6 ತತ್ತಿ, ಕಾಲು ಕಪ್ ಹಾಲು, ಅರ್ಧ ಟೀ ಚಮಚ ಉಪ್ಪು ಸಾಕು. ನಮ್ಮ ಕಡೆ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ಒಂದೊಂದೇ ತತ್ತಿಯನ್ನು ಬೇರೆ ಬಟ್ಟಲಲ್ಲಿ ಒಡೆದು, ನೋಡಿ, ಆಮೇಲೆ ಸೇರಿಸಿ. ಕೆಟ್ಟದ್ದೊಂದು ಬಿದ್ದರೆ ಆರೂ ಹಾಳು. ಬಾಣಲೆ ತಳ ದಪ್ಪ ಇರಲಿ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ತೆಳು ನಾನ್‌ಸ್ಟಿಕ್ ತರಲೇಬೇಡಿ, ಅದರಲ್ಲಿ ಎಷ್ಟು ಕಾದು ಕೂತರೂ ತಳ ಹತ್ತುತ್ತದೆ.

ಮೊದಲು ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಹಸಿಮೆಣಸಿನಕಾಯಿ ಹುರಿಯಿರಿ. ನೀರು ಪೂರ್ತಿ ಆರಬೇಕು. ಸೌಟಿನಿಂದ ಪಲ್ಯ ಪಕ್ಕಕ್ಕೆ ಸರಿಸಿದರೆ ತಳ ಒಣಗಿ ಕಾಣಬೇಕು.

ಈಗ ಉರಿ ಸಣ್ಣ ಮಾಡಿ, ತತ್ತಿ ಸುರಿಯಿರಿ. ಅಂಚಿನಿಂದ ನಡುವಿಗೆ ಅರ್ಧ ನಿಮಿಷ ಮೆಲ್ಲಗೆ ಎಳೆಯಿರಿ. ಆಮೇಲೆ ಸೌಟು ಕೆಳಗಿಡಿ, ಮತ್ತೆ ಮುಟ್ಟಬೇಡಿ. ಬಾಣಲೆ ಎತ್ತಿ, ಕೆಳಗೆ ರೊಟ್ಟಿ ಹಂಚು ಇಡಿ. ಉರಿ ನೇರ ತಾಗದಿದ್ದರೆ ತಳ ಹತ್ತುವುದಿಲ್ಲ. ಮುಚ್ಚಳಕ್ಕೆ ತೆಳು ಬಟ್ಟೆ ಸುತ್ತಿ, ತುದಿಗಳನ್ನು ಮೇಲೆ ಗಂಟು ಹಾಕಿ. ಇಲ್ಲದಿದ್ದರೆ ಹಬೆ ನೀರಾಗಿ ತತ್ತಿಯ ಮೇಲೇ ತೊಟ್ಟಿಕ್ಕುತ್ತದೆ. ಕಟ್ಟಿಗೆ ಒಲೆ ಇದ್ದವರಿಗೆ ಬಟ್ಟೆ ಬೇಡ. ತಟ್ಟೆ ಮುಚ್ಚಿ ಮೇಲೆ ನಾಲ್ಕು ಕೆಂಡ ಇಡಿ. ಮೇಲೂ ಕೆಳಗೂ ಬಿಸಿ, ಓವನ್ ಮಾಡುವುದೂ ಇದನ್ನೇ.

ಎಂಟು ನಿಮಿಷ ಮುಚ್ಚಳ ತೆಗೆಯಬೇಡಿ. ಬೇಗ ಆಗಲಿ ಅಂತ ಉರಿ ಜಾಸ್ತಿ ಮಾಡುವುದು ಇಲ್ಲೇ, ಕೆಡುವುದೂ ಇಲ್ಲೇ. ತತ್ತಿ ಗಟ್ಟಿಯಾಗಲು ಕುದಿಯುವ ಬಿಸಿ ಬೇಕಿಲ್ಲ, 70–80 ಡಿಗ್ರಿ ಸಾಕು. ಅದಕ್ಕಿಂತ ಕಾದರೆ ಗಿಣ್ಣು ಕೆಟ್ಟ ಹಾಗೆ ತೂತು ತೂತಾಗಿ ನೀರು ಬಿಡುತ್ತದೆ. ಹತ್ತು ಹನ್ನೆರಡು ನಿಮಿಷಕ್ಕೆ ಅಂಚು ಬಾಣಲೆ ಬಿಡುತ್ತದೆ. ಹಿಡಿ ಹಿಡಿದು ಅಲ್ಲಾಡಿಸಿ. ನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ನಡುಗಬೇಕು, ಹರಿಯಬಾರದು. ಆಗ ಗ್ಯಾಸ್ ಆರಿಸಿ, ಮುಚ್ಚಿಯೇ ಐದು ನಿಮಿಷ ಬಿಡಿ. ಒಳಗಿನ ಬಿಸಿಗೇ ನಡುವೆ ಗಟ್ಟಿಯಾಗುತ್ತದೆ. ತಿರುವಿ ಹಾಕುವ ಸಾಹಸ ಬೇಡ, ಮುರಿಯುತ್ತದೆ.

ಇನ್ನು ಬಗೆಬಗೆ. ಪುಂಡಿ ಸೊಪ್ಪಿನ ಫ್ರಿಟಾಟಾ ನನಗೆ ಎಲ್ಲಕ್ಕಿಂತ ಇಷ್ಟ. ಸೊಪ್ಪು ಬೇಯಿಸಿ, ಹಿಂಡಿ, ಬಳ್ಳೊಳ್ಳಿ ಜೊತೆ ಹುರಿಯಿರಿ. ಕಬ್ಬಿಣದ ಬಾಣಲೆ ಮಾತ್ರ ಬೇಡ, ಪುಂಡಿ ಹುಳಿಗೆ ಕಪ್ಪಾಗಿ ಕಬ್ಬಿಣದ ರುಚಿ ಬರುತ್ತದೆ. ಬದನೆಕಾಯಿ ಹಾಕುವುದಾದರೆ ಮೊದಲೇ ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಹುರಿಯಿರಿ. ಟೊಮೆಟೊ ಬೀಜ ತೆಗೆದು ಹಾಕಿ. ಉಳಿದ ಕಡಕ್ ರೊಟ್ಟಿ ಇದ್ದರೆ ಪುಡಿ ಮಾಡಿ, ತತ್ತಿ ಸುರಿಯುವ ಮುಂಚೆ ತಳಕ್ಕೆ ಹರಡಿ. ನೀರು ಹೀರುತ್ತದೆ, ತುಂಡು ಎತ್ತಲೂ ಸುಲಭ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾತ್ರ ಬೆಂದ ಮೇಲೆ ಉದುರಿಸಿ, ಒಳಗೆ ಹಾಕಿದರೆ ಮೆತ್ತಗಾಗುತ್ತದೆ. ಪ್ಯಾಕೆಟ್ಟಿನ ಎಗ್ ಮಸಾಲಾ ಬೇಡ. ತತ್ತಿಯ ರುಚಿಯೇ ಹೋಗುತ್ತದೆ.

ಉಳಿದದ್ದನ್ನು ಫ್ರಿಜ್ಜಿನಲ್ಲಿಡಿ. ಮಾರನೇ ದಿನ ಹಂಚಿನ ಮೇಲೆ ಬಿಸಿ ಮಾಡಿ, ಮೆತ್ತನೆ ಜೋಳದ ರೊಟ್ಟಿಯಲ್ಲಿ ಸುತ್ತಿ ಡಬ್ಬಿಗೆ ಹಾಕಬಹುದು.