ಎರಡು ಕ್ಯಾನ್ವಾಸ್ ಚೀಲ, ಒಂದು ಹಣೆಪಟ್ಟಿ

ಅಮೆರಿಕದ ಮಿನ್ನೆಸೋಟಾದಲ್ಲಿ ಬೌಂಡರಿ ವಾಟರ್ಸ್ ಅನ್ನುವ ಸರೋವರಗಳ ಕಾಡಿದೆ. ಅಲ್ಲಿ ಕನೂ ಅನ್ನುವ ಕಿರಿದಾದ ದೋಣಿಯಲ್ಲಿ ಹುಟ್ಟು ಹಾಕುವುದಕ್ಕಿಂತ ಸಾಮಾನು ಹೊರುವುದೇ ಕಷ್ಟ. ಒಂದು ಸರೋವರ ಮುಗಿದರೆ ಕಾಡಿನ ಕಾಲುದಾರಿ, ಆಮೇಲೆ ಇನ್ನೊಂದು ಸರೋವರ. ಆ ಕಾಲುದಾರಿಗೆ ಪೋರ್ಟೇಜ್ ಅನ್ನುತ್ತಾರೆ. ಅದರ ಉದ್ದ ಹೇಳುವುದು ರಾಡ್ ಲೆಕ್ಕದಲ್ಲಿ. ಒಂದು ರಾಡ್ ಅಂದರೆ 16.5 ಅಡಿ, ಹೆಚ್ಚುಕಡಿಮೆ ಒಂದು ಕನೂವಿನ ಉದ್ದ.

ನನ್ನ ಹತ್ತಿರ ಎರಡು ಕ್ಯಾನ್ವಾಸ್ ಚೀಲ ಇವೆ. ಒಂದು ಚಪ್ಪಟೆ, ದೊಡ್ಡ ಲಕೋಟೆಯ ಹಾಗೆ. ಪಕ್ಕದ ಗೋಡೆಯೇ ಇಲ್ಲ, ಮೇಲೆ ಮೂರು ತೊಗಲಿನ ಪಟ್ಟಿ. ಇನ್ನೊಂದಕ್ಕೆ ಪಕ್ಕಗಳಿವೆ, ಪೆಟ್ಟಿಗೆಯ ಹಾಗೆ ನಿಲ್ಲುತ್ತದೆ. ಮೊದಲ ಸಲ ಪಾತ್ರೆ, ಸ್ಟವ್ ಎಲ್ಲ ಚಪ್ಪಟೆ ಚೀಲಕ್ಕೆ ತುಂಬಿಬಿಟ್ಟೆ. 180 ರಾಡ್ ಉದ್ದಕ್ಕೂ ಪಾತ್ರೆಯ ಅಂಚು ಸೊಂಟಕ್ಕೆ ಒತ್ತುತ್ತಲೇ ಇತ್ತು. ಈಗ ಅದರಲ್ಲಿ ಮಲಗುವ ಚೀಲ, ಬಟ್ಟೆ, ಟೆಂಟ್ ಮಾತ್ರ. ಮೆತ್ತಗಿನ ಸಾಮಾನು ತುಂಬಿದರೆ ಅದು ಬೆನ್ನಿಗೆ ಅಂಟಿಕೊಂಡು ಕೂರುತ್ತದೆ, ಕನೂ ತಳದಲ್ಲೂ ತಗ್ಗಾಗಿ ಮಲಗುತ್ತದೆ. ಗಾಳಿ ಜಾಸ್ತಿ ಇರುವ ದಿನ ಇದರ ಬೆಲೆ ಗೊತ್ತಾಗುತ್ತದೆ. ಅಕ್ಕಿ, ಬೇಳೆ, ಪಾತ್ರೆಗೆ ಪೆಟ್ಟಿಗೆಯಂಥದ್ದೇ ಸರಿ.

ಎರಡರಲ್ಲಿ ಒಂದೇ ಇಟ್ಟುಕೋ ಅಂದರೆ ನಾನು ಚಪ್ಪಟೆಯದನ್ನೇ ಇಟ್ಟುಕೊಳ್ಳುತ್ತೇನೆ. ದುಲೂತ್ ಊರಿನ ಕಮಿಲ್ ಪೊರಿಯೇ 1882ರಲ್ಲಿ ಪೇಟೆಂಟ್ ಪಡೆದ ಚೀಲದ ಜಾತಿಯದು ಇದು. ಅವರ ಚೀಲದಲ್ಲಿ ಕೊಡೆ ಸಿಕ್ಕಿಸಲೂ ಜಾಗ ಇತ್ತಂತೆ. ಮಲೆನಾಡಿನವನಾದ ನನಗೆ ಅದು ತುಂಬಾ ಇಷ್ಟವಾಯಿತು.

ಆದರೆ ಚೀಲಕ್ಕಿಂತ ಮುಖ್ಯ ಹಣೆಪಟ್ಟಿ, ಅಂದರೆ ಚೀಲಕ್ಕೆ ಸೇರಿಸಿ ತಲೆಗೆ ಹಾಕಿಕೊಳ್ಳುವ ಪಟ್ಟಿ. ನಮ್ಮೂರಲ್ಲಿ ಸಿಂಬೆ ಇಟ್ಟು ನೆತ್ತಿಯ ಮೇಲೆ ಹೊರುತ್ತಾರಲ್ವಾ, ಇಲ್ಲಿ ಹೊರೆ ಬೆನ್ನ ಮೇಲಿದ್ದರೂ ಭಾರ ತಲೆಯಿಂದ ನೇರ ಬೆನ್ನುಮೂಳೆಗೆ ಇಳಿಯುತ್ತದೆ. ಜೊತೆಗಿದ್ದ ಮಂಗಳೂರಿನ ಗೆಳೆಯ ಮೊದಲು ಒಪ್ಪಲಿಲ್ಲ. "ಕುತ್ತಿಗೆ ಹೋಗ್ತದೆ ಮಾರಾಯ" ಅಂದ. ಅವನು ಪಟ್ಟಿಯನ್ನು ಹುಬ್ಬಿನ ಹತ್ತಿರ ಹಾಕಿಕೊಂಡಿದ್ದ. ಕೂದಲು ಶುರುವಾಗುವ ಕಡೆಗೆ ಸರಿಸಿದೆ, ಭುಜದ ಪಟ್ಟಿ ಒಂದು ತೂತು ಸಡಿಲ ಮಾಡಿದೆ. ಸ್ವಲ್ಪ ಮುಂದಕ್ಕೆ ಬಾಗಿ, ಕಿವಿಯ ಪಕ್ಕ ಪಟ್ಟಿ ಹಿಡಿದುಕೊಂಡು ನಡೆದ. ಆ ಕಡೆ ದಡ ಸೇರುವವರೆಗೂ ಮಾತಿಲ್ಲ. ವಾಪಸ್ ಬರುವಾಗ ಅವನೇ ಆ ಚೀಲ ಕೇಳಿ ತೆಗೆದುಕೊಂಡ.

ಮಳೆಯ ವಿಷಯಕ್ಕೆ ಬಂದರೆ, ನೆಂದಾಗ ಹತ್ತಿಯ ನೂಲು ಉಬ್ಬಿ ನೇಯ್ಗೆ ಬಿಗಿಯಾಗುತ್ತದೆ ನಿಜ. ಆದರೆ ಅದನ್ನು ನಂಬಿ ಕೂರಬಾರದು. ನಾನು ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ತಿರುಚಿ ಕಟ್ಟುತ್ತೇನೆ. ಮೇಣ ಹಾಕಿದ ಕ್ಯಾನ್ವಾಸ್ ನೀರು ಕಡಿಮೆ ಹೀರುತ್ತದೆ, ಆದರೆ ಚಳಿಗೆ ಸೆಟೆದುಕೊಳ್ಳುತ್ತದೆ. ನೆನೆದ ತೊಗಲಂತೂ ಬಕಲ್ಲಿನಿಂದ ಬೇಗ ಬಿಡುವುದಿಲ್ಲ. ಪಟ್ಟಿಯನ್ನು ಹಿಂದಕ್ಕೆ ಎಳೆಯುವ ಬದಲು ಮೊದಲು ಒಳಕ್ಕೆ ತಳ್ಳಿದರೆ ಮುಳ್ಳು ತಾನೇ ಮೇಲೇಳುತ್ತದೆ.

ಮನೆಗೆ ಬಂದ ದಿನವೇ ಎರಡನ್ನೂ ಗ್ಯಾರೇಜಿನಲ್ಲಿ ತಲೆಕೆಳಗಾಗಿ ನೇತುಹಾಕುತ್ತೇನೆ. ಬಟ್ಟೆ ಒಣಗಿದರೂ ತಳದ ಹೊಲಿಗೆಯಲ್ಲಿ ತೇವ ಉಳಿದಿರುತ್ತದೆ. ಅಲ್ಲಿ ಬೆರಳಿಟ್ಟು ನೋಡದೆ ಮಡಚುವುದಿಲ್ಲ.